ಪೆಟ್ಟಿಗೆಗೆ ವಿಳಾಸ ಕೊಟ್ಟ ಮಳೆಗಾಲ

ಮೊನ್ನೆ ಟಾರ್ಚಿನ ಒಳಗೊಂದು ವಯರು ಬಿಟ್ಟುಕೊಂಡಿತ್ತು. ಹೊಸ ಟಾರ್ಚು ತಂದರಾಯಿತು ಎಂದು ಮನೆಯವರೆಲ್ಲ ಹೇಳಿದರೂ ನನ್ನ ಕೈ ಕೇಳಬೇಕಲ್ಲ. ಅಟ್ಟದ ಮೇಲಿಂದ ಅಂಗಡಿಯ ಹಳೆಯ ತಗಡಿನ ಡಬ್ಬ ಇಳಿಸಿ, ಬೆಸುಗೆ ಕಡ್ಡಿ ಕಾಯಿಸಿ, ರಾಳಕ್ಕೆ ಮುಟ್ಟಿಸಿದೆ. ಚುರ್ ಎಂದು ಹೊಗೆ ಎದ್ದು ಮೂಗಿಗೆ ಬಂದದ್ದೇ ತಡ, ಶಿರಸಿಯ ಕಿವುಡು ಮಕ್ಕಳ ಶಾಲೆಯ ಮಹಡಿ ಕಣ್ಣ ಮುಂದೆ ಬಂದು ನಿಂತಿತು. ಟಾರ್ಚು ಇವತ್ತಿಗೂ ಹಾಗೇ ಬಿಚ್ಚಿಕೊಂಡು ಕೂತಿದೆ.

ಡಬ್ಬದ ತಳದಲ್ಲಿ ನನ್ನ ಮೈಕ್ ಬುಕಿಂಗಿನ ಡೈರಿಯೂ ಇತ್ತು. ಸಿದ್ದಾಪುರದಲ್ಲಿ ನಾನು ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದೆ. ಮದುವೆ, ಯಕ್ಷಗಾನದ ಆಟ, ಚುನಾವಣೆ, ಯಾವುದಕ್ಕೂ ಇಲ್ಲ ಎಂದವನಲ್ಲ. ನನ್ನ ಹೆಸರು ಗಣಪತಿ ಹೆಗಡೆ ಎಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗುವುದಿಲ್ಲ, ಮೈಕ್ ಗಣಪಣ್ಣ ಎನ್ನಬೇಕು. ಡೈರಿಯ ಒಂದು ಪುಟದಲ್ಲಿ ‘ಉಪನಯನ, ಹಾರ್ನ್ ಎರಡು, ಬಾಕ್ಸ್ ನಾಲ್ಕು’ ಎಂದಿದೆ. ಮುಂದಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಸೆಟ್, ಜಾಗ ಬಿಡು, ಐಪಿ, ಜಾಗ ಬಿಡು, ಒಂದು ಒಂಬತ್ತು ಎರಡು ಚುಕ್ಕೆ, ಒಂದು ಆರು ಎಂಟು ಚುಕ್ಕೆ. ಎಂಟರ್ ಹೊಡಿ. ಸುಮ್ಮನೆ ಕೂರು.’ ಓದಿದವರು ಯಾವುದೋ ಮಾಟದ ಮಂತ್ರ ಎಂದುಕೊಂಡಾರು. ಬರೆಯುವಾಗ ನನಗೂ ಹಾಗೇ ಅನಿಸಿತ್ತು.

ಅದು ಎರಡು ಸಾವಿರದ ಏಳೋ ಎಂಟೋ ಇಸವಿಯ ಆಷಾಢ. ಮೊಬೈಲಿನಲ್ಲಿ ಮಾತು ಮಾತ್ರ ಕೇಳುತ್ತಿದ್ದ ಕಾಲ, ಮುಖ ಕಾಣುತ್ತಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ಶಾರದಕ್ಕ ನನಗೆ ದೂರದ ನೆಂಟಳು. ಶಾಲೆಗೆ ಯಾರೋ ಪುಣ್ಯಾತ್ಮರು ಎರಡು ಪೆಟ್ಟಿಗೆ ದಾನ ಕೊಟ್ಟಿದ್ದಾರೆ, ಒಂದು ಶಿರಸಿಗೆ, ಒಂದು ಯಲ್ಲಾಪುರದಲ್ಲಿರುವ ಶಾಲೆಯದೇ ಹಾಸ್ಟೆಲಿಗೆ, ಇಲ್ಲಿ ಕ್ಯಾಮೆರಾ ಮುಂದೆ ಕೈಸನ್ನೆ ಮಾಡಿದರೆ ಅಲ್ಲಿ ಟಿವಿಯಲ್ಲಿ ಕಾಣುತ್ತದಂತೆ, ನೀನು ಬಂದು ಜೋಡಿಸಿಕೊಡು ಎಂದು ಫೋನು ಮಾಡಿದಳು. ಹುಬ್ಬಳ್ಳಿಯ ಇಂಜಿನಿಯರು ಬಸವರಾಜ ಯಲ್ಲಾಪುರದ ಪೆಟ್ಟಿಗೆ ಕೂರಿಸಿ ಶಿರಸಿಗೆ ಹೊರಟವನು, ರಸ್ತೆಗೆ ಮರ ಬಿದ್ದದ್ದು ನೋಡಿ ಹಾಗೇ ಊರಿಗೆ ತಿರುಗಿದ್ದ. ನಮ್ಮ ಪೆಟ್ಟಿಗೆಯನ್ನು ಮಾರನೆಯ ದಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿ, ಅಲ್ಲಿ ಯಾರಾದರೂ ಟಿವಿ ರಿಪೇರಿಯವರು ಇದ್ದರೆ ಸಾಕು, ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದಿದ್ದ. ಟಿವಿ ರಿಪೇರಿಯವನು ಎಂದರೆ ನಾನೇ ಆದೆ.

ಹೊಸ ಸಾಮಾನು ನೋಡಿ ಬರೋಣ ಎಂಬ ಆಸೆಯಿಂದ ಹೋದವನಿಗೆ ಶಾರದಕ್ಕ ಚಹಾ ಕೊಡುತ್ತ ಬೇರೆಯದೇ ಕತೆ ಹೇಳಿದಳು. ಶಾಲೆಯಲ್ಲಿ ಹೊಲಿಗೆ ಕಲಿಸುವ ಕಮಲಕ್ಕ, ಯಲ್ಲಾಪುರದ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸುಮಿತ್ರಾ, ಇಬ್ಬರೂ ಮತ್ತಿಘಟ್ಟದ ಕಡೆಯ ಅಕ್ಕತಂಗಿಯರು, ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ತಿಂಗಳಿಗೊಮ್ಮೆ ಕಮಲಕ್ಕ ಬಸ್ಸು ಹತ್ತಿ ಹೋಗಿ ತಂಗಿಯ ಜೊತೆ ಒಂದು ಭಾನುವಾರ ಕಳೆದು ಬರುವುದು ರೂಢಿ. ಆ ತಿಂಗಳು ಕಮಲಕ್ಕ ಶಿರಸಿಯ ಶಾಲೆಯ ಮೆಟ್ಟಿಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಸೊಂಟದವರೆಗೆ ಪ್ಲಾಸ್ಟರು, ಎರಡು ತಿಂಗಳು ಅಲುಗಬಾರದು. ಸುಮಿತ್ರಾ ಆರು ತಿಂಗಳ ಬಸುರಿ. ಮೊದಲೊಂದು ಬಸಿರು ಇಳಿದುಹೋಗಿತ್ತು, ಬಸ್ಸಿನ ಹತ್ತಿರವೂ ಸುಳಿಯಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅಕ್ಕ ಬಿದ್ದಿದ್ದಾಳೆ ಎಂದು ಗಂಡ ಸನ್ನೆಯಲ್ಲಿ ಹೇಳಿದ. ಅಕ್ಕ ಸತ್ತಿದ್ದಾಳೆ ಎಂದು ಸುಮಿತ್ರಾ ತಿಳಿದಳು. ಅವತ್ತಿನಿಂದ ಸರಿಯಾಗಿ ಊಟ ಬಿಟ್ಟಿದ್ದಳು.

ಗಂಡ ಎಷ್ಟು ಹೇಳಿದರೂ ಅವಳು ನಂಬಲಿಲ್ಲ, ಅದಕ್ಕೆ ಕಾರಣವೂ ಇತ್ತು. ನಮ್ಮ ಕಡೆ ಬಸುರಿಗೆ ಸಾವಿನ ಸುದ್ದಿ ಹೇಳುವ ಪದ್ಧತಿ ಇಲ್ಲ. ಹಿಂದಿನ ಸಲ ಬಸುರಿಯಿದ್ದಾಗ ಅವಳ ಅಪ್ಪ ತೀರಿಕೊಂಡದ್ದನ್ನು ಎಲ್ಲ ಸೇರಿ ಮುಚ್ಚಿಟ್ಟಿದ್ದರು. ಅಪ್ಪನಿಗೆ ಮೈ ಸರಿಯಿಲ್ಲ, ಬರುತ್ತಾನೆ ಎಂದು ಎರಡು ತಿಂಗಳು ಕೈಸನ್ನೆಯಲ್ಲಿ ಸುಳ್ಳು ಹೇಳಿದ್ದರು. ಈಗ ಅದೇ ಜನ ಅದೇ ಮುಖ ಮಾಡಿಕೊಂಡು ಅಕ್ಕ ಬಿದ್ದಿದ್ದಾಳೆ, ಬರುತ್ತಾಳೆ ಎಂದರೆ ಯಾರು ನಂಬುತ್ತಾರೆ? ನಾನಾದರೂ ನಂಬುತ್ತಿರಲಿಲ್ಲ.

ಒಂದು ಫೋಟೊ ಕಳಿಸಬಹುದಿತ್ತಲ್ಲ ಎಂದೆ. ಶಾರದಕ್ಕ ತಲೆ ತಗ್ಗಿಸಿದಳು. ಕಳಿಸಿದ್ದಳಂತೆ. ಹಾಸಿಗೆಯಲ್ಲಿ ಮಲಗಿದ್ದ ಕಮಲಕ್ಕನ ಫೋಟೊ ತೆಗೆಸಿ ಅಂಚೆಗೆ ಹಾಕಿದ್ದಳು. ಫ್ಲ್ಯಾಶಿಗೆ ಕಮಲಕ್ಕ ಕಣ್ಣು ಮುಚ್ಚಿದ್ದು ಕವರಿಗೆ ಅಂಟು ಹಚ್ಚುವಾಗ ಯಾರೂ ಗಮನಿಸಿರಲಿಲ್ಲ. ಬಿಳಿ ಬಟ್ಟೆ ಹೊದ್ದು ಕಣ್ಣು ಮುಚ್ಚಿ ಮಲಗಿದ ಅಕ್ಕನ ಫೋಟೊ ನೋಡಿದ ಸುಮಿತ್ರಾ ಅದನ್ನು ದೇವರ ಗೂಡಿನ ಪಕ್ಕ ಇಟ್ಟು ದೀಪ ಹಚ್ಚಿದಳಂತೆ.

“ಸುಮಿತ್ರಾ ಮೂರು ದಿನದಿಂದ ಗಂಜಿನೂ ಸಮಾ ಕುಡದ್ದಿಲ್ಲೆ ಗಣಪಣ್ಣ,” ಎಂದಳು ಶಾರದಕ್ಕ. “ಕಮಲ ಎದುರಿಗೆ ಕೈ ಆಡ್ಸಿದ್ದು ಕಂಡ್ರೆ ಮಾತ್ರ ನಂಬುಗು.”

ಇಷ್ಟು ಕೇಳಿದ ಮೇಲೆ ನನ್ನ ಹೆಗಲಿಗೆ ಏನು ಬಿದ್ದಿದೆ ಎಂದು ಗೊತ್ತಾಯಿತು. ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುವುದಕ್ಕೆ ಈಗ ನಾಚಿಕೆಯಿಲ್ಲ.

ಪೆಟ್ಟಿಗೆ ಬಿಚ್ಚಿದರೆ ಇನ್ನೂ ಹೆದರಿಕೆ. ನನ್ನ ಜೀವನದಲ್ಲಿ ತಿರುಗಿಸುವ ಗುಂಡಿಯೇ ಇಲ್ಲದ ಯಂತ್ರ ನೋಡಿದ್ದು ಅದೇ ಮೊದಲು. ದಪ್ಪ ಪಂಚಾಂಗದಷ್ಟು ದೊಡ್ಡ ಕಪ್ಪು ಡಬ್ಬ. ಮುಂದೆ ಒಂದು ಹಸಿರು ದೀಪ, ಹಿಂದೆ ಸಾಲಾಗಿ ತೂತುಗಳು. ಸೌಂಡು ಹೆಚ್ಚು ಮಾಡುವುದಿರಲಿ, ಆಫ್ ಮಾಡುವುದಕ್ಕೂ ಒಂದು ಗುಂಡಿಯಿಲ್ಲ. ಇದಕ್ಕೆ ಏನು ಹೇಳುವುದಿದ್ದರೂ ಕಂಪ್ಯೂಟರಿಗೆ ವಯರು ಹಾಕಿ, ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ತಿಳಿಸಬೇಕಂತೆ. ಅದೂ ಬರೆದೇ ಉತ್ತರ ಕೊಡುತ್ತದಂತೆ, ಸರಿಯಿದ್ದರೆ ಓಕೆ, ತಪ್ಪಿದ್ದರೆ ಎರರ್. ಎಂತ ತಪ್ಪು, ಎಲ್ಲಿ ತಪ್ಪು ಎಂದು ಮಾತ್ರ ಹೇಳುವುದಿಲ್ಲ. ನಮ್ಮ ಶಾಲೆಯ ಗಣಿತದ ಮಾಸ್ತರರೇ ಮೇಲು, ಕಿವಿ ಹಿಂಡಿಯಾದರೂ ಲೆಕ್ಕ ತೋರಿಸುತ್ತಿದ್ದರು.

ಬಸವರಾಜ ವಯರು ಕಳಿಸುವುದನ್ನು ಮರೆತಿದ್ದ. ಶಿರಸಿ ಪೇಟೆಯಲ್ಲಿ ಒಂಬತ್ತು ಪಿನ್ನಿನ ಎರಡು ಕನೆಕ್ಟರು ಹುಡುಕಿ ತಂದು ನಾನೇ ಬೆಸುಗೆ ಹಾಕಿದೆ. ಆ ರಾಳದ ಹೊಗೆ ಮಳೆಗೆ ಹೊರಗೆ ಹೋಗದೆ ಮಹಡಿಯ ತುಂಬ ನಿಂತಿತು. ಜೋಡಿಸಿದರೆ ಪರದೆ ಮೌನ. ಎರಡನೆಯ ಪಿನ್ನನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ಅಡ್ಡ ಹಾಕಬೇಕು, ಒಂದರ ಬಾಯಿ ಇನ್ನೊಂದರ ಕಿವಿಗೆ ಬರಬೇಕು, ಇಬ್ಬರೂ ಬಾಯಿಗೆ ಬಾಯಿ ಕೊಟ್ಟರೆ ಕೇಳುವವರು ಯಾರು ಎಂದು ಬಸವರಾಜ ಫೋನಿನಲ್ಲಿ ನಕ್ಕ. ಅದು ನನಗೆ ಚೆನ್ನಾಗಿ ಅರ್ಥವಾಯಿತು. ಬಿಚ್ಚಿ ಅಡ್ಡ ಹಾಕಿದೆ. ಈಗ ಪರದೆಯ ತುಂಬ ಕಸಕಡ್ಡಿ ಅಕ್ಷರ ಸುರಿಯಿತು. ಕ್ಯಾಸೆಟ್ಟು ತಪ್ಪು ವೇಗದಲ್ಲಿ ಓಡಿದರೆ ಹಾಡು ಕೆಡುತ್ತದಲ್ಲ, ಅದೇ ರೋಗ ಇರಬೇಕು ಎಂದು ನಾನೇ ಊಹಿಸಿ ಕಂಪ್ಯೂಟರಿನ ವೇಗ ಬದಲಾಯಿಸಿದೆ. ಕಸ ಹೋಗಿ ಅಕ್ಷರ ಬಂತು. ಆ ಸಂಜೆ ಸಿದ್ದಾಪುರದ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಈ ಪರಾಕ್ರಮ ಹೇಳಿಕೊಂಡು ಹೋದೆ.

ಜಂಬ ಒಂದೇ ರಾತ್ರಿಯದು. ಮಾರನೆಯ ದಿನ ವಿಳಾಸ ಕೊಡುವ ಕೆಲಸ ಶುರುವಾಯಿತು. ಶಾಲೆಯಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗುತ್ತಿದ್ದುದು ಅಂಗಳದ ಹಲಸಿನ ಮರದ ಬುಡದಲ್ಲಿ ಮಾತ್ರ, ಕಂಪ್ಯೂಟರು ಮಹಡಿಯ ಮೇಲೆ. ಮರದ ಬುಡದಲ್ಲಿ ಕೊಡೆ ಹಿಡಿದು ಬಸವರಾಜ ಹೇಳಿದ್ದನ್ನು ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು, ಮೆಟ್ಟಿಲು ಹತ್ತಿ, ಎರಡು ತೋರುಬೆರಳಲ್ಲಿ ಕುಟ್ಟುವುದು. ಎರರ್ ಬಂತೆಂದರೆ ತಲೆ ಬಡಿದುಕೊಂಡು ಮತ್ತೆ ಮರದ ಬುಡಕ್ಕೆ ಓಡುವುದು. ನಡುವೆ ಜಾಗ ಬಿಡಬೇಕು ಎಂದು ಅವನು ಹೇಳಿರಲಿಲ್ಲ, ನಾನು ಬಿಟ್ಟಿರಲಿಲ್ಲ. ಚುಕ್ಕೆ ಎಂದರೆ ಕೆಳಗಿನದೋ ನಡುವಿನದೋ ಎಂದು ಕೇಳುವುದಕ್ಕೆ ಒಮ್ಮೆ ಇಳಿದೆ. ಊಟಕ್ಕೆ ಬಿಟ್ಟ ಮಕ್ಕಳೆಲ್ಲ ಕಿಟಕಿಯಲ್ಲಿ ನಿಂತು ನನ್ನನ್ನು ನೋಡುವುದೇ ಆಟ ಮಾಡಿಕೊಂಡರು.

ಆಮೇಲೆ ಅವು ಎದುರು ಸಿಕ್ಕಾಗಲೆಲ್ಲ ಎರಡು ತೋರುಬೆರಳು ಗಾಳಿಯಲ್ಲಿ ಕುಟ್ಟಿ, ಹಣೆಗೆ ಕೈ ಬಡಿದು ನಗತೊಡಗಿದವು. ಇದು ಇವರ ನಮಸ್ಕಾರ ಇರಬೇಕೆಂದು ನಾನೂ ಹಾಗೇ ಕುಟ್ಟಿ, ಬಡಿದು ಮುಂದೆ ಹೋಗುತ್ತಿದ್ದೆ. ಅದಕ್ಕೆ ಅವು ಇನ್ನಷ್ಟು ನಗುತ್ತಿದ್ದವು.

ಬಸವರಾಜ ಎರಡು ವಿಳಾಸ ಹೇಳಿದ್ದ. ಒಂದು ಪೆಟ್ಟಿಗೆಯದು, ಕೊನೆಯಲ್ಲಿ ಇಪ್ಪತ್ತು. ಇನ್ನೊಂದು ಗೇಟ್‌ವೇ, ಕೊನೆಯಲ್ಲಿ ಒಂದು. ಗೇಟ್‌ವೇ ಎಂದರೆ ಎಂತದು ಎಂದು ಕೇಳಿದೆ. “ಹೊರಗಿಂದ ಬರೋದೆಲ್ಲಾ ಮೊದಲ ಅಲ್ಲಿಗೇ ಬರ್ತದರೀ. ಅಲ್ಲಿಂದ ಒಳಗ ಯಾರ್ದು ಯಾರಿಗೆ ಅಂತ ಹೋಗ್ತದ,” ಎಂದ. ಓಹೋ, ನಮ್ಮ ಕ್ರಾಸಿನ ಶೇಟರ ಅಂಗಡಿ ಎಂದು ನನಗೆ ಥಟ್ಟನೆ ಹೊಳೆಯಿತು. ನಿಲ್ಕುಂದದ ಆಚೆ ನಮ್ಮ ಮನೆಗಳು ಒಂದು ಗುಡ್ಡಕ್ಕೆ ಒಂದರಂತೆ ಇವೆ. ಪೋಸ್ಟಮನ್ ಕಾಗದವನ್ನೆಲ್ಲ ಬಸ್ಸು ನಿಲ್ಲುವಲ್ಲಿ ಶೇಟರ ಅಂಗಡಿಗೆ ಕೊಡುತ್ತಾನೆ. ಉಪ್ಪು ಬೆಲ್ಲಕ್ಕೆ ಹೋದವರು ತಮ್ಮದನ್ನೂ ನೆರೆಮನೆಯವರದನ್ನೂ ತರುತ್ತಾರೆ. ವಿಳಾಸ ಕೇಳಿದರೆ ನಾವೆಲ್ಲ ಹೇಳುವುದು ಶೇಟರ ಅಂಗಡಿಯನ್ನೇ. ಹಾಗಿರುವಾಗ ಪೆಟ್ಟಿಗೆಗೆ ಒಂದು, ಅಂಗಡಿಗೆ ಇನ್ನೊಂದು ವಿಳಾಸ ಬರೆದರೆ ಕಾಗದ ತಲುಪುವುದು ಹೇಗೆ? ಪೇಟೆಯ ಹುಡುಗ, ಗಡಿಬಿಡಿಯಲ್ಲಿ ತಪ್ಪು ಹೇಳಿದ್ದಾನೆ ಎಂದುಕೊಂಡೆ. ಪಾಪ ಅವನಿಗೆ ಬೇಜಾರಾದೀತೆಂದು ಏನೂ ಹೇಳದೆ, ಡೈರಿಯಲ್ಲಿ ಇಪ್ಪತ್ತನ್ನು ಹೊಡೆದು ಒಂದು ಎಂದು ತಿದ್ದಿ, ಎರಡಕ್ಕೂ ಅದನ್ನೇ ಕೊಟ್ಟೆ. ಪೆಟ್ಟಿಗೆ ಓಕೆ ಎಂದಿತು. ಎರಡು ಸಲವೂ ಓಕೆ ಎಂದಿತು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ.

ಅಲ್ಲಿಂದ ನಾಲ್ಕು ದಿನ ನಡೆದದ್ದು ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಶಾಲೆಯಲ್ಲೇ ಇದ್ದ ಕಮಲಕ್ಕನ ಕೋಣೆಯವರೆಗೆ ಮೈಕಿನ ವಯರು ಎಳೆದ ಹಾಗೆ ವಯರು ಎಳೆದು, ಅವಳ ಮಂಚದ ಎದುರು ಟಿವಿ, ಕ್ಯಾಮೆರಾ, ಪೆಟ್ಟಿಗೆ ಇಟ್ಟು ಶುರು ಮಾಡಿದೆ. ಯಲ್ಲಾಪುರ ಸಿಗಲಿಲ್ಲ. ಸಿಗದಿದ್ದರೆ ಹೋಗಲಿ, ಶಾಲೆಯ ಕಂಪ್ಯೂಟರುಗಳಿಗೆಲ್ಲ ಇಂಟರ್‌ನೆಟ್ಟೇ ನಿಂತುಹೋಯಿತು. ಪೆಟ್ಟಿಗೆಯ ಪ್ಲಗ್ಗು ಕಿತ್ತರೆ ಸ್ವಲ್ಪ ಹೊತ್ತಿನಲ್ಲಿ ಬರುತ್ತಿತ್ತು. ಹಾಕಿದರೆ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಫೋನಿನ ಲೈನ್‌ಮನ್ ಕಂಬ ಹತ್ತಿ ಇಳಿದು, ಲೈನು ಚೊಕ್ಕ ಇದೆ ಎಂದ. ನಾನು ಅರ್ಥಿಂಗ್ ಸರಿಯಿಲ್ಲ ಎಂದು ಅಂಗಳದಲ್ಲಿ ಗುಂಡಿ ತೆಗೆಸಿ ಇದ್ದಿಲು, ಉಪ್ಪು ಹಾಕಿಸಿದೆ. ಅಡುಗೆಯಾಕೆ ಪೆಟ್ಟಿಗೆಗೆ ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದಳು. ನಾನು ಬೇಡ ಎನ್ನಲಿಲ್ಲ. ಬಸವರಾಜ ಫೋನಿನಲ್ಲಿ ಎಲ್ಲ ಸರಿಯಾಗಿ ಕೊಟ್ಟಿದ್ದೀರಾ ಎಂದು ಕೇಳಿದಾಗಲೆಲ್ಲ, ಎಲ್ಲದಕ್ಕೂ ಓಕೆ ಬಂದಿದೆ ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಕಮಲಕ್ಕ ದಿನವೂ ತಲೆ ಬಾಚಿಸಿಕೊಂಡು, ಹೂ ಮುಡಿದು, ದಿಂಬಿಗೆ ಒರಗಿ ಖಾಲಿ ಟಿವಿಯ ಎದುರು ಕೂರುತ್ತಿದ್ದಳು. ಪ್ಲಾಸ್ಟರು ಹಾಕಿಕೊಂಡು ಹಾಸಿಗೆ ಹಿಡಿದವಳು ಅಷ್ಟು ಹೂ ಮುಡಿಯುವುದು ಏಕೆಂದು ನನಗೆ ಮೊದಲು ತಿಳಿಯಲಿಲ್ಲ. ಬದುಕಿದ್ದೇನೆ ಎಂದು ತಂಗಿಗೆ ದೂರದಿಂದಲೇ ಕಾಣಬೇಕಲ್ಲ, ಅದಕ್ಕೆ ಎಂದು ಶಾರದಕ್ಕ ಹೇಳಿದಳು. ಪ್ರತಿ ಮಧ್ಯಾಹ್ನ ಯಲ್ಲಾಪುರದಿಂದ ಸುದ್ದಿ ಬರುತ್ತಿತ್ತು. ಎರಡು ಚಮಚ ಗಂಜಿ. ಇವತ್ತು ಅದೂ ಇಲ್ಲ. ಡಾಕ್ಟರು ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಬೇಕು ಎಂದಿದ್ದಾರೆ, ನಾಳೆಯವರೆಗೆ ನೋಡುತ್ತೇವೆ. ನಾನು ಯಾರ ಮುಖವನ್ನೂ ನೋಡದೆ ಪ್ಲಗ್ಗು ಕಿತ್ತು ಹಾಕಿ ಮಾಡುತ್ತಿದ್ದೆ. ಬಿಟ್ಟು ಓಡಿಹೋಗೋಣ ಎಂದು ಅನಿಸಿದ್ದೂ ಉಂಟು.

ಐದನೆಯ ದಿನ ನಾನು ಸೋಲೊಪ್ಪಿದೆ. ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ವಾಪಸ್ಸು ಕಳಿಸೋಣ ಎಂದೆ. ದಾನದ ಸಾಮಾನು, ಯಾರು ಮುಟ್ಟಿದರು, ಯಾರು ಕಳಿಸಿದರು ಎಂದು ಪುಸ್ತಕದಲ್ಲಿ ಬರೆಯಬೇಕು ಎಂದು ಶಾರದಕ್ಕ ಪೆನ್ನು ತೆಗೆದಳು.

“ನಿನ್ನ ಅಡ್ರೆಸ್ ಹೇಳು.”

“ಕೇರಾಫ್ ಶೇಟರ ಅಂಗಡಿ, ನಿಲ್ಕುಂದ ರಸ್ತೆ ಕ್ರಾಸು.”

“ಅದು ಶೇಟರ ಅಡ್ರೆಸ್ ಆತು. ನಿಂದು?”

“ನಂದೂ ಅದೇಯ. ಅಲ್ಲಿಪ್ಪ ಎಲ್ಲರ ಮನೆಗೂ ಅದೇಯ.”

ಶಾರದಕ್ಕನಿಗೆ ಅಷ್ಟು ಬೇಸರದಲ್ಲೂ ನಗು ಬಂತು. “ಎಲ್ಲರೂ ತಾವೇ ಶೇಟರು ಹೇಳಿ ಕೂತ್ರೆ, ಕಾಗದ ಹಂಚಂವ ಯಾರು ಮಾರಾಯ?”

ಪೆನ್ನು ಪುಸ್ತಕದ ಮೇಲೆ ಹಾಗೇ ಇತ್ತು. ನಾನು ಎದ್ದು ನಿಂತದ್ದು ನೆನಪಿದೆ, ಮರದ ಬುಡಕ್ಕೆ ಹೇಗೆ ಹೋದೆ ಎಂಬುದು ನೆನಪಿಲ್ಲ. ಕೊಡೆ ಒಯ್ದಿರಲಿಲ್ಲ. ಬಸವರಾಜನಿಗೆ ಹೇಳಿದೆ: ಪೆಟ್ಟಿಗೆಗೂ ಗೇಟ್‌ವೇಗೂ ನಾನು ಒಂದೇ ವಿಳಾಸ ಕೊಟ್ಟಿದ್ದೇನೆ. ಅವನು ಬೈಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಮೆಲ್ಲಗೆ ಹೇಳಿದ: “ಕೇರಾಫ್ ಬ್ಯಾರೆ, ಮನಿ ಬ್ಯಾರೆ ರೀ. ನಿಮ್ಮ ಪೆಟ್ಟಿಗಿ ನಾನ ಅಂಗಡಿ ಅಂತ ಬಾಗಲದಾಗ ಕುಂತದ. ಎಲ್ಲಾರ ಕಾಗದಾನೂ ತಾನ ಇಸ್ಕೊಳ್ಳಾಕತ್ತದ.”

ಶೇಟರು ಎಲ್ಲರ ಮನೆ ಯಾವ ಗುಡ್ಡದ ಮೇಲಿದೆ ಎಂದು ಬಲ್ಲವರು, ಅದಕ್ಕೆ ನಮ್ಮ ಕೆಲಸ ನಡೆಯುತ್ತಿತ್ತು. ಇಲ್ಲಿ ನಾನೇ ಶೇಟರ ಗಲ್ಲಾದ ಮುಂದೆ ಇನ್ನೊಬ್ಬ ಶೇಟರನ್ನು ತಂದು ಕೂರಿಸಿ, ಯಲ್ಲಾಪುರದಲ್ಲಿ ಒಬ್ಬ ಬಸುರಿಯನ್ನು ನಾಲ್ಕು ದಿನ ಉಪವಾಸ ಕೆಡವಿದ್ದೆ. ಪೆಟ್ಟಿಗೆ ಹೊತ್ತು ಮಹಡಿಗೆ ಹೋಗಿ ಕುಟ್ಟಿದೆ. ಅವಸರದಲ್ಲಿ ಜಾಗ ಬಿಡದೆ ಮೊದಲ ಸಲ ಎರರ್ ಬಂತು. ಎರಡನೆಯ ಸಲ ಕೊನೆಯಲ್ಲಿ ಇಪ್ಪತ್ತು, ಎಂಟರ್, ಓಕೆ. ಈ ಓಕೆಯನ್ನು ನಾನು ನಂಬಲಿಲ್ಲ. ಪೆಟ್ಟಿಗೆಯನ್ನು ಕಮಲಕ್ಕನ ಕೋಣೆಯಲ್ಲಿ ಮತ್ತೆ ಜೋಡಿಸಿ, ಕಂಪ್ಯೂಟರು ಕೋಣೆಗೆ ಹೋಗಿ ನೋಡಿದೆ, ಇಂಟರ್‌ನೆಟ್ಟು ಇತ್ತು. ಹತ್ತು ನಿಮಿಷ ಕಾದು ಮತ್ತೆ ನೋಡಿದೆ, ಆಗಲೂ ಇತ್ತು.

ಶಾರದಕ್ಕ ಯಲ್ಲಾಪುರದವರಿಗೆ ಫೋನು ಮಾಡಿ ಸುಮಿತ್ರಾಳನ್ನು ಕರೆತನ್ನಿ ಎಂದಳು. ಅವಳು ಬರಲೊಪ್ಪಲಿಲ್ಲವಂತೆ, ಗಂಡ ಕುರ್ಚಿಯಲ್ಲಿ ಕೂರಿಸಿಕೊಂಡೇ ಎತ್ತಿ ತಂದ. ನಾನು ಈ ಕಡೆ ಅಭ್ಯಾಸಬಲದಿಂದ ಕಮಲಕ್ಕನ ಎದುರು ಮೈಕು ಸರಿಮಾಡಿ, ಹಲೋ ಹಲೋ ಎಂದು ಟೆಸ್ಟ್ ಮಾಡುತ್ತಿದ್ದೆ. ಶಾರದಕ್ಕ ನನ್ನ ಕೈಯಿಂದ ಮೈಕು ತೆಗೆದು ಪಕ್ಕಕ್ಕಿಟ್ಟಳು. ಟಿವಿಯಲ್ಲಿ ಮೊದಲು ಚೌಕ ಚೌಕ ಬಣ್ಣ ಬಂತು. ಆಮೇಲೆ ಒಂದು ಗೋಡೆ, ಆಮೇಲೆ ತಲೆ ತಗ್ಗಿಸಿ ಕೂತ ಒಬ್ಬ ಹೆಂಗಸು. ಅವಳು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಗಂಡ ಗದ್ದ ಹಿಡಿದು ಮುಖ ಎತ್ತಿಸಿದ.

ಕಮಲಕ್ಕ ಎರಡೂ ಕೈ ಎತ್ತಿ ಏನೋ ಹೇಳಿದಳು. ಸುಮಿತ್ರಾ ಅಲುಗಲಿಲ್ಲ. ಫೋಟೊವನ್ನು ನೋಡಿದ ಹಾಗೇ ನೋಡಿದಳು. ಆಗ ಕಮಲಕ್ಕ ಮುಡಿಯ ಹೂ ಕಿತ್ತು ಕ್ಯಾಮೆರಾದ ಕಡೆ ಎಸೆದಳು, ಸಿಟ್ಟಿನಲ್ಲಿ, ಸಣ್ಣವರಿದ್ದಾಗ ಜಗಳದಲ್ಲಿ ಎಸೆದ ಹಾಗೆ. ಸುಮಿತ್ರಾ ತಪ್ಪಿಸಿಕೊಳ್ಳಲು ತಲೆ ಪಕ್ಕಕ್ಕೆ ಸರಿಸಿದಳು. ಸರಿಸಿದ ಮೇಲೆ, ತಾನು ತಲೆ ಸರಿಸಿದ್ದು ಯಾಕೆ ಎಂದು ಅವಳಿಗೇ ತಿಳಿಯಿತು. ಅವಳ ಬಾಯಿಂದ ಒಂದು ಸದ್ದು ಬಂತು. ನಲವತ್ತು ವರ್ಷ ನಾನು ಮೈಕಿನ ಹಿಂದೆ ಕಳೆದಿದ್ದೇನೆ, ಅಂಥ ಸದ್ದು ಯಾವ ಹಾರ್ನಿನಲ್ಲೂ ಕೇಳಿಲ್ಲ. ಇಬ್ಬರ ಕೈಗಳೂ ಒಟ್ಟಿಗೇ ಓಡತೊಡಗಿದವು. ಒಂದೂ ಅರ್ಥವಾಗದೆ ನಾನು ನಡುವೆ ನಿಂತು ಅತ್ತೆ. ಎಷ್ಟೋ ಹೊತ್ತಿಗೆ ಸುಮಿತ್ರಾ ಬೆರಳು ಕೂಡಿಸಿ ಬಾಯಿಯ ಹತ್ತಿರ ಹಿಡಿದಳು. ಅದೊಂದು ಸನ್ನೆ ಮಾತ್ರ ನನಗೂ ತಿಳಿಯಿತು. ಗಂಡ ಗಂಜಿ ತರಲು ಓಡಿದ.

ಚೌತಿ ಕಳೆದು ಹೆಣ್ಣುಮಗು ಹುಟ್ಟಿತು. ಅಷ್ಟರಲ್ಲಿ ಕಮಲಕ್ಕ ಕೋಲು ಹಿಡಿದು ನಡೆಯುತ್ತಿದ್ದಳು. ನಾನು ಆ ಶಾಲೆಯ ಕಡೆ ಹೋದಾಗಲೆಲ್ಲ ಎಲ್ಲರೂ ಬೆರಳು ಕುಟ್ಟಿ ಹಣೆ ಬಡಿಯುತ್ತಿದ್ದರು, ನಾನೂ ಹಾಗೇ ಮಾಡಿ ಮುಂದೆ ಸಾಗುತ್ತಿದ್ದೆ.

ಟಾರ್ಚು ಬಿಟ್ಟು, ಡೈರಿ ಚೀಲಕ್ಕೆ ಹಾಕಿಕೊಂಡು ನಿನ್ನೆ ಶಿರಸಿಗೆ ಹೋದೆ. ಶಾರದಕ್ಕ ನಿವೃತ್ತಳಾಗಿ ಬಹಳ ವರ್ಷವಾಯಿತು. ಪೆಟ್ಟಿಗೆ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಹೊಲಿಗೆ ಕೋಣೆಯಲ್ಲಿ ಕಮಲಕ್ಕ, ತಲೆ ಪೂರ್ತಿ ಬೆಳ್ಳಗೆ, ಮಿಷನ್ನಿಗೆ ಮೊಬೈಲು ಆನಿಸಿಟ್ಟು ಕೈ ಆಡಿಸುತ್ತಿದ್ದಳು. ಪರದೆಯಲ್ಲಿ ಸುಮಿತ್ರಾ. ನನ್ನನ್ನು ಕಂಡು ಕಮಲಕ್ಕ ಬೆರಳು ಕುಟ್ಟಿ ಹಣೆ ಬಡಿದಳು. ನಾನೂ ಎಂದಿನಂತೆ ಕುಟ್ಟಿ ಬಡಿದು ಕುರ್ಚಿ ಎಳೆಯಲು ತಿರುಗಿದೆ. ಮೊಬೈಲಿನಿಂದ ಒಂದು ಹುಡುಗಿಯ ದನಿ ಬಂತು. ಸುಮಿತ್ರಾಳ ಮಗಳು, ಕಿವಿ ಕೇಳುವವಳು.

“ಅಜ್ಜ, ಅದು ನಮಸ್ಕಾರ ಅಲ್ಲ. ಇವ್ರ ಸನ್ನೇಲಿ ನಿಮ್ಮ ಹೆಸ್ರು ಅದು. ನೀವು ಯಾವಾಗ್ಲೂ ಅರ್ಧಕ್ಕೇ ಬಿಟ್ಟು ಹೋಗ್ತ್ರಂತೆ, ಪೂರ್ತಿ ನೋಡಿ.”

ನಾನು ತಿರುಗಿ ನಿಂತೆ. ಕಮಲಕ್ಕ ಇಲ್ಲಿ, ಸುಮಿತ್ರಾ ಅಲ್ಲಿ, ಇಬ್ಬರೂ ಒಟ್ಟಿಗೆ ಹೇಳಿದರು. ಎರಡು ಬೆರಳು ಕುಟ್ಟಿದರು. ಹಣೆ ಬಡಿದರು. ಆಮೇಲೆ ಮುಷ್ಟಿಯನ್ನು ಕಣ್ಣೆದುರು ತಂದು ಮೆಲ್ಲಗೆ ಬಿಡಿಸಿದರು, ಅವತ್ತು ಟಿವಿಯಲ್ಲಿ ಆದಂತೆ, ಬೆರಳುಗಳ ಆಚೆ ಯಾರೋ ಕಂಡ ಹಾಗೆ.

ಇಷ್ಟು ವರ್ಷ ನನ್ನ ಹೆಸರನ್ನು ನಾನೇ ಅರ್ಧ ಹೇಳಿಕೊಂಡು ತಿರುಗಿದ್ದೆ. ಪೂರ್ತಿ ಹೇಳಲು ಹೋದರೆ ಕೈ ಹದಕ್ಕೆ ಬರಲಿಲ್ಲ, ಎರಡು ಸಲ ತಪ್ಪಿದೆ. ಮೂರನೆಯ ಸಲ ಸುಮಿತ್ರಾ ಸರಿ ಎಂದು ತಲೆಯಾಡಿಸಿದಳು.